ಬಲಾತ್ ಕಡವಿನ ಶರಬತ್ತು

ಬಲಾತ್ ಎಂಬ ದೋಣಿಕಡವಿನಲ್ಲಿ ಹುಣಸೆ ಶರಬತ್ತು ಮಾರುತ್ತಿದ್ದ ಮೆಹ್ಲಿಕಾ ಬೇಕೆಂದೇ ಅಂಬಿಗ ಸೆಫೆರನ ದೋಣಿ ಹತ್ತಿದ್ದಳು. ಅವನೂ ಬೇಕೆಂದೇ ಅವಳ ಅಂಗಡಿಯೆದುರು ದೋಣಿ ತಂದು ನಿಲ್ಲಿಸತೊಡಗಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ.

ಸುಲ್ತಾನರು ಹಾಸಿಗೆ ಹಿಡಿದಿದ್ದರು. ಅವರ ನಂತರ ಊರು ತಮ್ಮದಾಗಲೆಂದು ಇಸ್ತಾಂಬುಲಿನ ಕೋಟೆಬಾಗಿಲುಗಳ ಹಿಡಿತಕ್ಕಾಗಿ ಎರಡು ಗುಪ್ತಕೂಟಗಳು ಒಳಗೊಳಗೇ ಹೊಡೆದಾಡುತ್ತಿದ್ದವು. ಗಿಡುಗರ ಕೂಟದವರು ಸೆಫೆರನ ದೋಣಿಯಲ್ಲಿ ಓಡಾಡುತ್ತಿದ್ದರು. ಮೆಹ್ಲಿಕಾ ಮೌನಿಗಳ ಕೂಟದವಳು. ತಬ್ಬಲಿಯಾಗಿದ್ದ ಅವಳನ್ನು ಸಾಕಿದ ಹಮಾಮಿನ, ಅಂದರೆ ಊರ ಸ್ನಾನಗೃಹದ, ಒಡತಿ ರುಕಿಯೆಯೇ ಆ ಕೂಟದ ಹಿರಿಯಳು. "ಅವನ ಮೇಲೊಂದು ಕಣ್ಣಿಡು" ಎಂದು ಕಳಿಸಿದವಳೂ ಅವಳೇ.

ಮೆಹ್ಲಿಕಾ ಕಣ್ಣಿಟ್ಟಳು. ತೆಗೆಯುವುದೇ ಕಷ್ಟವಾಯಿತು.

ಹುಟ್ಟು ಹಾಕುವಾಗ ಅವನು ನೀರು ನೋಡುತ್ತಿರಲಿಲ್ಲ. ಗಾಳಿಗೆ ಜಾರಿದ ಮುಸುಕನ್ನು ಅವಳು ಸರಿಮಾಡಿಕೊಳ್ಳುವ ತನಕ ನೋಡಿ, ಆಮೇಲೆ ಮರ್ಯಾದಸ್ಥನಂತೆ ಆಕಾಶ ನೋಡುತ್ತಿದ್ದ.

"ಆಚೆ ದಡ ಅಲ್ಲಿದೆ, ಅಂಬಿಗರೇ."

"ಅವಸರ ಇದ್ರೆ ಬೇರೆ ದೋಣಿ ಹತ್ತಬಹುದಿತ್ತು."

"ಬೇರೆಯವರು ನೆಟ್ಟಗೆ ಹುಟ್ಟು ಹಾಕ್ತಾರೆ. ಬೇಗ ತಲುಪಿಬಿಡ್ತೀನಿ."

ಅಂದ ಮೇಲೆ ಅವಳ ಕೆನ್ನೆ ಬಿಸಿಯಾಯಿತು. ಅವನು ನಗುವನ್ನು ಮೀಸೆಯೊಳಗೇ ಅಡಗಿಸಿಕೊಂಡ.

ದಂಡೆಯ ಮರಗಳು ಗುಲಾಬಿ ಬಣ್ಣದ ಹೂ ಬಿಟ್ಟು ಉದುರಿಸುವ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು.

ಒಂದು ಬೆಳಿಗ್ಗೆ ರುಕಿಯೆ ಅವಳ ಅಂಗೈಯಲ್ಲಿ ಸಣ್ಣ ಪೊಟ್ಟಣವಿಟ್ಟಳು. "ಇವತ್ತು ಅವನ ಶರಬತ್ತಿಗೆ ಹಾಕು, ಮಗಳೇ. ನೋವಾಗಲ್ಲ, ನಿದ್ದೆ ಬಂದಂಗೆ ಹೋಗ್ತಾನೆ."

"ಅವನೇನು ಮಾಡಿದ, ಅಮ್ಮಾ?"

"ಅವರ ದೋಣಿ ನಡೆಸ್ತಾನೆ. ಸಾಲದಾ?"

ಮೆಹ್ಲಿಕಾ ಅಂಗಡಿಯ ಹಿಂದೆ ಮಣ್ಣು ಬಗೆದು ಪೊಟ್ಟಣವನ್ನು ಹೂತುಬಿಟ್ಟಳು.

ಮಧ್ಯಾಹ್ನ ಸೆಫೆರ್ ಬಂದ. ಎಂದಿನಂತೆ ಕೀಟಲೆ ಮಾಡಲಿಲ್ಲ. ಅವಳು ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಅವಳ ಮುಖವನ್ನೇ ನೋಡುತ್ತ ತಳದವರೆಗೂ ಕುಡಿದ.

"ಯಾಕಿಷ್ಟು ನಿಧಾನ?"

"ಕೊನೇದೇನೋ ಅಂದ್ಕೊಂಡೆ. ಇವತ್ತು ವಿಷ ಹಾಕ್ತೀಯ ಅಂತ ನಮ್ಮೋರಿಗೆ ಸುದ್ದಿ ಬಂದಿತ್ತು."

ಅವಳ ಕೈಯಿಂದ ಸೌಟು ಜಾರಿತು. "ಗೊತ್ತಿದ್ದೂ ಕುಡಿದ್ಯಾ?"

"ನೀನು ಹಾಕಲ್ಲ ಅನ್ನಿಸ್ತು."

"ಹಾಕಿದ್ದಿದ್ರೆ?"

"ನಿನ್ನ ಕೈಯಿಂದಲೇ ತಾನೇ ಅಂದ್ಕೊಂಡು ಹೋಗ್ತಿದ್ದೆ." ಅವನು ತಲೆ ತಗ್ಗಿಸಿದ. "ನಿನ್ನ ಮೇಲೆ ಕಣ್ಣಿಡು ಅಂತಲೇ ನನ್ನನ್ನ ಇಲ್ಲಿ ಬಿಟ್ಟಿದ್ರು. ಇವತ್ತು ನಿನ್ನನ್ನ ಹಿಡಿದುಕೊಡು ಅಂದ್ರು. ಆಗಲ್ಲ ಅಂತ ಹೇಳಿ ಬಂದೆ."

ಮೆಹ್ಲಿಕಾ ಕಲ್ಲಿನ ಮೇಲೆ ಕೂತಳು. "ನಾನು ವಿಷ ಹಾಕಲಿಲ್ಲ ಅಂತ ಸಂಜೆಯೊಳಗೆ ನಮ್ಮೋರಿಗೂ ಗೊತ್ತಾಗತ್ತೆ. ಇನ್ನು ನಮಗೆ ಅಂತ ಯಾರೂ ಇಲ್ಲ."

"ಇಬ್ಬರಿದ್ದೀವಲ್ಲ."

ಅವಳು ಬಿದ್ದ ಸೌಟನ್ನು ಎತ್ತಿ ಸೆರಗಿಗೆ ಒರೆಸಿದಳು.

"ಮುದಾನ್ಯಕ್ಕೆ ಇವತ್ತೇ ಹಡಗು ಹೊರಡೋದಿದೆ. ಅಲ್ಲಿಂದ ಹತ್ತಿರದ ಬುರ್ಸಾದಲ್ಲಿ ನಮ್ಮಕ್ಕ ರೇಷ್ಮೆಹುಳ ಸಾಕ್ತಾಳೆ. ಬಾಯಿ ಜೋರು, ಮನಸ್ಸು ಒಳ್ಳೇದು. ಬರ್ತೀಯಾ?"

"ನನ್ನನ್ನ ಯಾರು ಅಂತ ಹೇಳ್ತೀಯ?"

"ಹೆಂಡತಿ ಅಂತ. ಹಡಗುಕಟ್ಟೆ ಪಕ್ಕದ ಮಸೀದಿ ಇಮಾಮರು ನನಗೆ ಗುರುತು. ನಿಕಾಹ್ ಮಾಡ್ಸಿದ್ರೆ ಅಕ್ಕನಿಗೆ ಸುಳ್ಳು ಹೇಳೋ ಕಷ್ಟ ಇರಲ್ಲ."

ಮೆಹ್ಲಿಕಾಗೆ ನಗು, ಅಳು ಒಟ್ಟಿಗೇ ಬಂದವು. ಮನೆಗಳಾಚೆ ಹಮಾಮಿನ ಹೊಗೆ ಏಳುತ್ತಿತ್ತು. ಚಿಕ್ಕಂದಿನಲ್ಲಿ ತನ್ನ ತಲೆ ಬಾಚಿದ ಕೈಗಳು ಅಲ್ಲಿದ್ದವು. ಅವಳು ಆ ಹೊಗೆಯನ್ನು ಬಹಳ ಹೊತ್ತು ನೋಡಿ, ಶರಬತ್ತಿನ ಕೊಡದ ಮುಚ್ಚಳ ಮುಚ್ಚಿ, ಎದ್ದು ನಿಂತಳು.

ಇಳಿಬಿಸಿಲಿನಲ್ಲಿ, ನಿಕಾಹ್ ಮುಗಿಸಿ ಬಂದ ಇಬ್ಬರನ್ನೂ ಹೊತ್ತ ಹಡಗು ಕೋಟೆಗೋಡೆಯನ್ನು ಹಾದುಹೋಯಿತು.

"ಯಾರದ್ದಾಗತ್ತೋ ಈ ಊರು" ಅಂದಳು ಅವಳು.

"ಅವರೇ ಇಟ್ಕೊಳ್ಳಲಿ."

ಹುಟ್ಟು ಹಾಕುವ ಕೆಲಸವಿಲ್ಲದೆ ಅವನ ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ಅವಳು ಅವುಗಳಲ್ಲೊಂದನ್ನು ಎತ್ತಿಕೊಂಡು ತನ್ನ ಮುಸುಕಿನ ಸೆರಗಿನೊಳಗೆ ಬೆಚ್ಚಗಿಟ್ಟುಕೊಂಡಳು.