ಕತ್ತರಿಸಿದ ಒಂಬತ್ತು ನಿಮಿಷ

ಆ ಹೊತ್ತಿನಲ್ಲಿ ರೇಡಿಯೋ ದೂರದರ್ಶಕದ ಡಿಶ್ ತಿರುಗಬಾರದಿತ್ತು.

ಬೆಳಗ್ಗೆ ಎಂಟೂಕಾಲು. ಅಲ್ಲೇ ಆವರಣದ ಮನೆಯಲ್ಲಿ, ಎಲ್ಲರೂ ಅಕ್ಕ ಎನ್ನುವ ಹಿರಿಯಾಕೆ ಪ್ರಾರ್ಥನೆಗೆ ಕೂತಿದ್ದರು. ಕಿಟಕಿಯಾಚೆ ಆ ದೈತ್ಯ ಯಂತ್ರ ನರಳಿದ ಸದ್ದು. ಹಿಂದೆಯೇ ಒಂದು ಕೂಗು. ಅಕ್ಕ ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಬರಿಗಾಲಲ್ಲಿ ಓಡಿದರು.

ಡಿಶ್ಶಿನ ಬುಡದಲ್ಲಿ, ಕಾಂಕ್ರೀಟಿನ ಮೇಲೆ, ಅಲ್ಲಿನ ವಿಜ್ಞಾನಿಯಾಗಿದ್ದ ಅವರ ತಮ್ಮ ಬಿದ್ದಿದ್ದ. ಉಸಿರಿರಲಿಲ್ಲ.

ಕಾರ್ಯಾಗಾರದ ಕಡೆಯಿಂದ ಮೆಕ್ಯಾನಿಕ್ ಓಡಿ ಬಂದ. ಅವನ ಅಂಗಿಯ ಜಿಡ್ಡು ಎಂದೂ ಹೋದದ್ದಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಗ್ರೀಸಣ್ಣ. "ಅಯ್ಯೋ ಅಕ್ಕ!" ಎಂದು ಕುಸಿದು ಕೂತ. ಒಂಬತ್ತಕ್ಕೆ ಪೊಲೀಸರು ಬರುವವರೆಗೆ ಇಬ್ಬರೂ ಹೆಣದ ಪಕ್ಕದಿಂದ ಕದಲಲಿಲ್ಲ.

* * *

ಇನ್ಸ್‌ಪೆಕ್ಟರ್ ಚುರುಕು ಮನುಷ್ಯ. ನೋಡಿದ್ದು ಒಂದೇ ವಸ್ತು: ನಿಯಂತ್ರಣ ಕೊಠಡಿಯ ಕೀಲಿ.

"ಡಿಶ್ ಹತ್ತೋರು ಈ ಕೀಲಿ ಕಿತ್ತು ಜೇಬಿಗೆ ಹಾಕ್ಕೊಂಡೇ ಹತ್ತಬೇಕು, ಅಲ್ವಾ? ಕೀಲಿ ಇಲ್ಲದೆ ಡಿಶ್ ಅಲುಗಲ್ಲ. ಈಗ ನೋಡಿದರೆ ಇಲ್ಲೇ ಇದೆ. ಇದನ್ನ ನೋಡ್ಕೊಳ್ಳೋದು ಯಾರು?"

"ನಾನೇ ಸಾರ್," ಎಂದ ಗ್ರೀಸಣ್ಣ. "ಆದ್ರೆ ಇವತ್ತು ಮುಟ್ಟಿಲ್ಲ."

"ಸತ್ತೋರ ಜೊತೆ ನಿನ್ನೆ ಕಿತ್ತಾಡಿದ್ದೆಯಂತೆ?"

"ರಜೆ ಕೇಳಿದ್ದೆ, ಕೊಡಲ್ಲ ಅಂದ್ರು. ರಜೆಗೋಸ್ಕರ ಯಾರಾದ್ರೂ ಕೊಲ್ತಾರಾ ಸಾರ್? ಹಾಗಿದ್ರೆ ಈ ಆಫೀಸಲ್ಲಿ ಒಬ್ಬರೂ ಉಳೀತಿರಲಿಲ್ಲ."

ಅಷ್ಟರಲ್ಲಿ ವೀಕ್ಷಣಾಲಯದ ನಿರ್ದೇಶಕ ಶಾಲು ಹೊದ್ದು ಬಂದ. "ರಾತ್ರಿಯಿಂದ ಜ್ವರ. ಈಗಷ್ಟೇ ಎದ್ದೆ," ಎಂದವನೇ ಅಕ್ಕನ ಕಾಲ ಬಳಿ ಕೂತು ಅತ್ತ. ಇಪ್ಪತ್ತು ವರ್ಷದ ಹಿಂದೆ ಕೆಲಸ ಕಲಿಯಲು ಬಂದವನು, ಅಕ್ಕನ ಕೈಯಡುಗೆ ಉಂಡು ಬೆಳೆದವನು.

ಗ್ರೀಸಣ್ಣನನ್ನು ಜೀಪು ಹತ್ತಿಸಿದರು. "ಅಕ್ಕ, ನೀವಾದ್ರೂ ಒಂದು ಮಾತು ಹೇಳಿ!"

ಅಕ್ಕ ಹೇಳಲಿಲ್ಲ. ಆ ಗಳಿಗೆಯಲ್ಲಿ ಅವರಿಗೂ ಅವನ ಮೇಲೆ ಅನುಮಾನ ಬಂದಿತ್ತು.

* * *

ಮರುದಿನ ಅಕ್ಕ ತಮ್ಮನ ಚೀಲ ಬಿಚ್ಚಿದರು. ಒಳಗೆ ಎರಡು ಚಿತ್ರಗಳಿದ್ದವು. ಎರಡೂ ನಿರ್ದೇಶಕ ಪ್ರಕಟಿಸಿದವು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿ. ಅದರ ನಡುವಿನಿಂದ ಚಿಮ್ಮುವ ರೇಡಿಯೋ ಚಿಲುಮೆ. ಚಿಲುಮೆಯಲ್ಲಿ ಹೊಳೆಯುವ ಒಂದು ಗಂಟು. ಒಂದು ಚಿತ್ರ ನಾಲ್ಕು ವರ್ಷದ ಹಿಂದಿನದು, ಇನ್ನೊಂದು ಈ ವರ್ಷದ್ದು. ಹೊಸದರಲ್ಲಿ ಗಂಟು ದೂರ ಸರಿದಿತ್ತು. ಯಾರೂ ಕಾಣದ ವೇಗ. ಆ ಹೆಸರಿನಿಂದಲೇ ನಿರ್ದೇಶಕನಿಗೆ ಇನ್ನೂ ದೊಡ್ಡ ಹುದ್ದೆ ಬರುವುದರಲ್ಲಿತ್ತು.

ಕಂಪ್ಯೂಟರು ಬರುವ ಮುಂಚೆ ಕಾಗದದ ಸುರುಳಿಯ ಮೇಲೆ ಮೂಡುತ್ತಿದ್ದ ಗೆರೆಗಳನ್ನು ಓದುವುದೇ ಅಕ್ಕನ ನೌಕರಿ. ಅವರು ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಒತ್ತಿ ಹಿಡಿದರು. ನೋಡಿದ್ದು ಗಂಟನ್ನಲ್ಲ, ಸುತ್ತಲಿನ ಖಾಲಿ ಆಕಾಶವನ್ನು. ಅಲ್ಲಿ ಯಂತ್ರದ ಗದ್ದಲ ಸಣ್ಣ ಚುಕ್ಕೆಗಳಾಗಿ ಚೆಲ್ಲಿರುತ್ತದೆ. ಅದು ಎರಡು ಸಲ ಒಂದೇ ಥರ ಬೀಳುವುದಿಲ್ಲ. ಇಲ್ಲಿ ಚುಕ್ಕೆಗೆ ಚುಕ್ಕೆ ಕೂತಿತ್ತು. ಹಳೆಯ ಚಿತ್ರದಲ್ಲೇ ಗಂಟನ್ನು ಸರಿಸಿ ಹೊಸದು ಎಂದಿದ್ದ.

"ದೇವರೇ," ಎಂದರು ಅಕ್ಕ. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದರು.

* * *

"ಅಮ್ಮ, ಇದು ವಿಜ್ಞಾನದ ಜಗಳ. ಕೊಲೆಗೂ ಇದಕ್ಕೂ ಏನು?" ಎಂದು ಗೊಣಗುತ್ತಲೇ ಇನ್ಸ್‌ಪೆಕ್ಟರ್ ನಿಯಂತ್ರಣ ಕೊಠಡಿಗೆ ಬಂದ. ನಿರ್ದೇಶಕ ಅಲ್ಲೇ ಇದ್ದ.

"ನಿನ್ನೆ ಬೆಳಗಿನ ದಾಖಲೆ ತೆಗಿ," ಎಂದರು ಅಕ್ಕ ಅವನಿಗೆ. "ಡಿಶ್ ಸುಮ್ಮನೆ ನಿಂತಿದ್ದರೂ ಅದರ ಕಿವಿ ತೆರೆದೇ ಇರುತ್ತೆ."

ಪರದೆಯ ಮೇಲೆ ಗೆರೆಗಳು ಹರಿದವು. ಎಂಟು ಗಂಟೆ ಆರು ನಿಮಿಷಕ್ಕೆ ನಿಂತವು. ಮತ್ತೆ ಶುರುವಾದದ್ದು ಎಂಟೂಕಾಲಿಗೆ. ನಡುವೆ ಖಾಲಿ.

"ಯಂತ್ರ ಕೈಕೊಟ್ಟಿರಬೇಕು," ಎಂದ ನಿರ್ದೇಶಕ.

"ಯಂತ್ರ ಕೆಟ್ಟರೆ ಗೆರೆ ತಡವರಿಸಿ ಸಾಯುತ್ತೆ. ಇದು ಕತ್ತರಿಸಿದ್ದು. ಇನ್ಸ್‌ಪೆಕ್ಟರೇ, ಫೋನನ್ನ ಗೇಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಿಸ್ಕೊಳ್ತಾರಲ್ಲ, ಯಾಕೆ ಗೊತ್ತಾ? ಡಿಶ್ಶಿನ ಕೆಳಗೆ ಒಂದು ಫೋನು ಬಂದರೆ ಸಾಕು, ಎಲ್ಲ ಗೆಲಾಕ್ಸಿಗಳಿಗಿಂತ ಜೋರಾಗಿ ಕಿರುಚುತ್ತೆ. ನಾವು ಅದನ್ನ ಕಸ ಅಂತೀವಿ. ಕತ್ತರಿಸಿ ಬಿಸಾಕ್ತೀವಿ. ಯಾವಾಗ ಕತ್ತರಿಸಿದ್ದು ಅಂತ ಕಂಪ್ಯೂಟರಲ್ಲಿ ಪಟ್ಟಿ ಇರುತ್ತೆ, ನೋಡಿ."

ಇನ್ಸ್‌ಪೆಕ್ಟರ್ ಓದಿದ. "ನಿನ್ನೆ, ಎಂಟು ನಲವತ್ತು. ಇದೇ ಮೇಜಿನಿಂದ. ಹೆಸರಿಲ್ಲ."

"ಎಂಟು ನಲವತ್ತಕ್ಕೆ ಗ್ರೀಸಣ್ಣ ನನ್ನ ಪಕ್ಕ ಕೂತು ಅಳ್ತಿದ್ದ. ಅಲ್ಲದೆ ಅವನಿಗೆ ಈ ಕೆಲಸ ಬರಲ್ಲ. ಬರೋದು ಮೂರೇ ಜನಕ್ಕೆ. ಒಬ್ಬ ಹೆಣವಾಗಿದ್ದ, ಇನ್ನೊಬ್ಬಳು ಹೆಣ ಕಾಯ್ತಿದ್ದಳು. ಮೂರನೆಯವನು ಜ್ವರ ಅಂತ ಮಲಗಿದ್ದನಂತೆ."

ನಿರ್ದೇಶಕ ಪರದೆಯ ಮುಂದಿನ ಕುರ್ಚಿ ಎಳೆದು ಕೂತ.

"ಹೊಸ ಹುದ್ದೆಯ ಕರೆ ಬರೋದಿತ್ತು. ಅದಕ್ಕೇ ಫೋನು ಒಳಗೆ ತಂದಿದ್ದೆ," ಎಂದ. "ನಿಮ್ಮ ತಮ್ಮ ಡಿಶ್ ಮೇಲೆ ಹತ್ತಿ, ಆ ಚಿತ್ರಕ್ಕೆ ಅಂತ ಇರೋ ಬೇರೆ ರಿಸೀವರ್ ನೋಡ್ತೀನಿ ಅಂದ್ರು. ಎರಡು ವರ್ಷದಿಂದ ಅದಕ್ಕೆ ತಂತಿಯೇ ಜೋಡಿಸಿಲ್ಲ. ನೋಡಿದರೆ ಈ ವರ್ಷದ ಚಿತ್ರ ಸುಳ್ಳು ಅಂತ ಬಯಲಾಗ್ತಿತ್ತು. ಕೀಲಿ ನಾನು ಇಟ್ಕೊಂಡಿರ್ತೀನಿ, ನೀವು ಹತ್ತಿ ಅಂದೆ. ಕೊಟ್ಟುಬಿಟ್ರು ಅಕ್ಕ. ಹಿಂದೆ ಮುಂದೆ ನೋಡದೆ ಕೊಟ್ಟುಬಿಟ್ರು."

"ಕೊಡದೆ ಇರ್ತಾನಾ? ನಿನ್ನನ್ನ ತಮ್ಮ ಅಂತಿದ್ದ."

"ಆ ಗೆರೆಗಳನ್ನ ಹಾಗೇ ಬಿಟ್ಟಿದ್ರೆ?"

"ಯಾರದೋ ಫೋನು ಅಂತ ಸುಮ್ಮನಾಗ್ತಿದ್ದೆ. ಯಾರದು ಅಂತ ಗೆರೆ ಹೇಳಲ್ಲ. ನೀನು ಅಳಿಸಿದೆ, ಅದಕ್ಕೇ ಸಿಕ್ಕಿಬಿದ್ದೆ." ಅಕ್ಕ ಪರದೆಯ ಖಾಲಿ ಜಾಗ ಮುಟ್ಟಿದರು. "ಕಸ ಕಂಡ ಕೂಡಲೇ ಕತ್ತರಿಸು ಅಂತ ನಿನಗೆ ಕಲಿಸಿದವಳು ನಾನೇ ಕಣೋ."

* * *

ಜೀಪಿನಲ್ಲಿ ನಿರ್ದೇಶಕನನ್ನು ಕೂರಿಸಿ ಇನ್ಸ್‌ಪೆಕ್ಟರ್ ಅಕ್ಕನ ಹತ್ತಿರ ಬಂದ. "ಈಗ ಸಮಾಧಾನ ಆಯ್ತಾ ಅಮ್ಮ?"

"ಒಬ್ಬ ತಮ್ಮ ನಿನ್ನೆ ಹೋದ. ಇನ್ನೊಬ್ಬ ಇವತ್ತು ಹೋದ. ಎಲ್ಲಿಯ ಸಮಾಧಾನ?" ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಕಾಗದಪತ್ರ ಆಮೇಲೆ ಬರ್ಕೊಳ್ಳಿ. ಮೊದಲು ಗ್ರೀಸಣ್ಣನನ್ನ ಬಿಡಿ. ಅವನ ಹೆಂಡತಿ ನಿನ್ನೆಯಿಂದ ಠಾಣೆ ಬಾಗಿಲಲ್ಲೇ ನಿಂತಿದ್ದಾಳೆ. ನಾನೂ ಬರ್ತೀನಿ. ಅವಳ ಮುಂದೆ ನಾನು ತಪ್ಪೊಪ್ಪಿಕೊಳ್ಳೋದಿದೆ."