ತೊಡೆಯ ಮೇಲಿನ ಬಿಸುಪು

ನಾನು ದರ್ಜಿ. ಬಟ್ಟೆ ಹೊಲಿದು ಗೊತ್ತು, ಕಥೆ ಕಟ್ಟಿ ಗೊತ್ತಿಲ್ಲ.

ಮನೆ ಬದಲಿಸಿದ ದಿನ ನಮ್ಮ ಬೆಕ್ಕು ಗುಂಡ ಎಲ್ಲೂ ಕಾಣಲಿಲ್ಲ. "ಅಪ್ಪಾ, ಇನ್ನೊಂದ್ಸಲ ಹುಡುಕೋಣ" ಎಂದು ಮಗಳು ಅಂಗಲಾಚಿದಳು. ಸಾಮಾನಿನ ಲಾರಿ ಕಾಯುತ್ತಿತ್ತು. "ಬೆಕ್ಕು ತಾನೇ, ಎಲ್ಲಾದ್ರೂ ಬದುಕ್ಕೊಳ್ಳುತ್ತೆ ಬಾ" ಎಂದು ಬೀಗ ಹಾಕಿಬಿಟ್ಟೆ.

ಇಪ್ಪತ್ತು ದಿನಗಳ ನಂತರ ಹಳೆಯ ಮನೆಯ ಮಾಲೀಕರು ಫೋನ್ ಮಾಡಿದರು. ಗುಂಡ ಬಾಗಿಲ ಒಳಗಡೆಯೇ ಸತ್ತು ಬಿದ್ದಿದ್ದ. ಬಾಗಿಲ ತುಂಬ ಉಗುರಿನ ಗೀರುಗಳಿದ್ದವು. ನಾನೇ ಹೋಗಿ ಮಣ್ಣು ಮಾಡಿ ಬಂದೆ. ಮಗಳಿಗೆ ಹೇಳಲು ಬಾಯಿ ಬರಲಿಲ್ಲ.

ಮರುದಿನ ಮಧ್ಯಾಹ್ನ ಹೊಲಿಯುತ್ತ ಕುಳಿತಿದ್ದಾಗ ತೊಡೆ ಬೆಚ್ಚಗಾಯಿತು. ಗುರುಗುರು ಸದ್ದು ಕೇಳಿಸಿತು. ಹೊಲಿಗೆ ಯಂತ್ರದ್ದಿರಬೇಕೆಂದು ಅದನ್ನು ನಿಲ್ಲಿಸಿದೆ, ಸದ್ದು ನಿಲ್ಲಲಿಲ್ಲ. ಕೈಯಿಟ್ಟರೆ ಬಟ್ಟೆ ಮಾತ್ರ ಸಿಕ್ಕಿತು. ಅಂದಿನಿಂದ ದಿನವೂ ಹೀಗೇ. ಸೇಡಿಗೆ ಬಂದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವನು ಬರುತ್ತಿದ್ದುದು ಮುದ್ದು ಮಾಡಿಸಿಕೊಳ್ಳಲು.

ನಿನ್ನೆ ಶಾಲೆಯಿಂದ ಬೇಗ ಬಂದ ಮಗಳು ಹೊಸ್ತಿಲಲ್ಲೇ ನಿಂತು ನನ್ನ ಖಾಲಿ ತೊಡೆಯನ್ನು ನೋಡಿದಳು. ಅವಳ ಮುಖ ಅರಳಿತು, ಆಮೇಲೆ ಬಾಡಿತು.

"ಅಪ್ಪಾ, ಗುಂಡ ಯಾಕೆ ಇಷ್ಟೊಂದು ಬಡಕಲಾಗಿದಾನೆ?"