ಕಾಯೋ ಮರದ ಮೊಳೆ

“ಆ ಮೊಳೆ ಕೀಳಬೇಡಪ್ಪ. ಒಂದೊಂದು ಮೊಳೆಗೂ ಒಬ್ಬೊಬ್ಬ ಕಾಯ್ತಿದ್ದಾನೆ.”

ಚಹಾ ಅಂಗಡಿಯ ಅಜ್ಜಿ ಹೀಗೆಂದಾಗ ಗರಗಸದವನು ಬಾಯ್ತುಂಬ ನಕ್ಕ. ಅವನು ಊರಿಗೆ ಬಂದು ವಾರವಾಗಿತ್ತಷ್ಟೆ. ರಸ್ತೆ ಅಗಲಿಸಲು ಅಡ್ಡವಾಗಿದ್ದ ಹಳೆಯ ಮರವನ್ನು ಉರುಳಿಸುವ ಕೆಲಸ ಅವನದು. ಊರವರು ಅದನ್ನು ಕಾಯೋ ಮರ ಎನ್ನುತ್ತಿದ್ದರು. ಯುದ್ಧದಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಸೈನ್ಯ, ನಡೆಯಲಾರದ ಗಾಯಾಳುಗಳನ್ನು ಅದರ ಬುಡದಲ್ಲಿ ಬಿಟ್ಟುಹೋಗಿತ್ತಂತೆ. ನರಳುತ್ತಾ ಹಿಂದೆ ತೆವಳಿ ಬಂದಾರೆಂದು ಸೇನಾಪತಿ ಮಾಟಗಾರನೊಬ್ಬನನ್ನು ಕರೆಸಿ, ತಲೆಗೊಂದರಂತೆ ಮರಕ್ಕೆ ಏಳು ಮೊಳೆ ಹೊಡೆಸಿದನಂತೆ. “ಇಲ್ಲೇ ಕಾಯ್ತಿರಿ, ಬಂದು ಕರ್ಕೊಂಡು ಹೋಗ್ತೀವಿ” ಎಂದನಂತೆ. ಯಾರೂ ಬರಲಿಲ್ಲ. ಕಾಯುವವರು ಕದಲಲೂ ಇಲ್ಲ.

“ಅಜ್ಜಿ, ಮೊಳೆ ಬಿಟ್ಟು ಕೊಯ್ದರೆ ನನ್ನ ಗರಗಸದ ಹಲ್ಲು ಉದುರುತ್ತೆ. ನಿನ್ನ ಬಾಯಲ್ಲಿ ಒಂದೂ ಇಲ್ಲ, ನಿನಗೆಲ್ಲಿ ಆ ಚಿಂತೆ!”

ಏಳನ್ನೂ ಕಿತ್ತ. ಒಂದೊಂದು ಮೊಳೆ ಹೊರಬಂದಾಗಲೂ ಕೊಳೆತ ಗಾಯದ ನಾತ ಮೂಗಿಗೆ ಬಡಿಯಿತು. ಏಳನೆಯದು ಬಂದಾಗ, ಯಾರೋ ಭಾರವಾದ ಬೂಟು ಎಳೆಯುತ್ತಾ ರಸ್ತೆಯಲ್ಲಿ ದೂರ ಸರಿದ ಸದ್ದು. ತಿರುಗಿ ನೋಡಿದರೆ ಬರೀ ಬಿಸಿಲು. ಮಧ್ಯಾಹ್ನದೊಳಗೆ ಮರ ಬಿತ್ತು. ದಿಮ್ಮಿಗಳು ಲಾರಿ ಹತ್ತಿ ಹೋದವು, ಬುಡವನ್ನೂ ಯಂತ್ರ ಕಿತ್ತು ಪುಡಿಮಾಡಿತು.

ಅವನ ಕಸುಬಿನವರಿಗೊಂದು ಚಾಳಿ. ಕಿತ್ತ ಮೊಳೆ ಎಸೆಯುವುದಿಲ್ಲ. ಕಲ್ಲಿನ ಮೇಲಿಟ್ಟು ತಟ್ಟಿ, ನೆಟ್ಟಗೆ ಮಾಡಿ ಜೇಬಿಗಿಳಿಸುತ್ತಾರೆ. ಈ ಮೊಳೆಗಳಂತೂ ಕುಲುಮೆಯಲ್ಲಿ ಕಾಸಿ ಬಡಿದ ಗಟ್ಟಿ ಕಬ್ಬಿಣ. ಬಿಡಲು ಮನಸ್ಸಾಗಲಿಲ್ಲ.

ಬಾಡಿಗೆ ಕೋಣೆಯ ಬಾಗಿಲಿಗೇ ಮಗಳು ಓಡಿಬಂದಳು. ತಾಯಿಯಿಲ್ಲದ ಮಗು, ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅವಳನ್ನು ಬಿಟ್ಟರೆ ಅವನಿಗೆ ಯಾರೂ ಇರಲಿಲ್ಲ. ಶಾಲೆಯ ಚೀಲ ನೇತುಹಾಕಲು ಮೊಳೆ ಬೇಕೆಂದು ಬಂದ ದಿನದಿಂದ ಅವಳ ಹಟ. ಜೇಬಿನಿಂದ ಒಂದನ್ನು ತೆಗೆದು ಗೋಡೆಗೆ ಹೊಡೆದ.

ಮೊದಲ ಪೆಟ್ಟಿಗೆ ಅವಳ ನಗು ನಿಂತಿತು. ಮೂರನೆಯದಕ್ಕೆ ಕುಸಿದು ಕೂತಳು.

“ಅಪ್ಪಾ, ಕಾಲು ಏಳ್ತಿಲ್ಲ. ಇಲ್ಲೇ ಕಾಯ್ತಿರು ಅಂತಿದ್ದಾರೆ.”

“ಯಾರು?”

ಅವಳು ಗೋಡೆ ತೋರಿಸಿದಳು. ಅದೇ ನಾತ. ಇಕ್ಕಳ ಹಾಕಿದ. ಮೊಳೆಯ ತಲೆ ಒಳಗೆ ಸರಿಯಿತು. ಗಾರೆ ಮುಚ್ಚಿಕೊಂಡಿತು. ಉಳಿಯಿಂದ ಕೆತ್ತಿದ. ಇಟ್ಟಿಗೆ ಉದುರಿತು. ಮೊಳೆ ಇಲ್ಲ. ಮಗಳನ್ನು ಬಾಚಿ ಎತ್ತಿದ. ನೆಲ ಬಿಡಲಿಲ್ಲ. ಅವಳು ಚೀರಿದಳು.

ಎದ್ದೆನೋ ಬಿದ್ದೆನೋ ಎಂದು ಅಜ್ಜಿಯ ಬಳಿ ಓಡಿದ. ಅಜ್ಜಿ ಅವನ ಅಂಗೈಯಲ್ಲಿದ್ದ ಆರು ಮೊಳೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎಲ್ಲಾನೂ ಅದೇ ಮರಕ್ಕೆ ಮತ್ತೆ ಹೊಡೆದಿದ್ರೆ ಮಗೂನ ಬಿಡ್ತಿತ್ತೇನೋ. ಮರ ಎಲ್ಲಪ್ಪ ಈಗ?”

ಮರಳಿ ಬಂದಾಗ ಮಗಳು ಬಾಗಿಲನ್ನೇ ನೋಡುತ್ತಿದ್ದಳು.

“ನೀನೂ ಬಿಟ್ಟು ಹೋದೆ ಅಂದ್ಕೊಂಡೆ.”

ಅವನು ಸುತ್ತಿಗೆ ಎತ್ತಿಕೊಂಡ. ಅವಳ ಪಕ್ಕದಲ್ಲಿ ಕೂತ. ಜೇಬಿನಿಂದ ಇನ್ನೊಂದು ಮೊಳೆ ತೆಗೆದ. ಗೋಡೆಗಿಟ್ಟ. ಒಂದು. ಎರಡು. ಮೂರು. ಅಂಗಾಲಿನಿಂದ ತಣ್ಣಗೆ ಏರಿತು. ಮೊಣಕಾಲು. ಸೊಂಟ. ಸುತ್ತಿಗೆ ಕೈಜಾರಿತು.

ಹೊರಗೆ ಬೂಟುಗಳ ಸದ್ದು ನಿಲ್ಲದೆ ಸಾಗುತ್ತಿತ್ತು.

“ಕರ್ಕೊಂಡು ಹೋಗೋಕೆ ಬರ್ತಾರಾ ಅಪ್ಪಾ?”

“ಬರ್ತಾರೆ ಮಗಳೇ, ಇನ್ನೇನು ಬಂದೇ ಬಿಡ್ತಾರೆ” ಎಂದು ಅವನು ಅವಳ ಕೈ ಹಿಡಿದುಕೊಂಡ.